ದೊಡ್ಡಮ್ಮ ಬದುಕಿದ್ದಾರೆಂದು ಕಂಪ್ಯೂಟರಿಗೆ ಒಪ್ಪಿಸಿದ್ದು

ಸಿದ್ಧಕಟ್ಟೆಯ ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಪ್ರಾಯವಾಗಿದೆ. ಎದುರಿನ ಯುಎಸ್‌ಬಿ ತೂತುಗಳು ಸಡಿಲ. ಹಿಂದಿನ ಎರಡರಲ್ಲಿ ಒಂದು ಪ್ರಿಂಟರಿಗೆ, ಇನ್ನೊಂದು ನೆಟ್ಟಿನ ಡಾಂಗಲಿಗೆ. ಹೊಸದು ತೆಗೆದುಕೋ ಅಂತ ಎಲ್ಲರೂ ಹೇಳುತ್ತಾರೆ, ಹೇಳುವುದಕ್ಕೇನು.

ಕಳೆದ ನವೆಂಬರಿನ ಕೊನೆಯ ದಿನ ಅದರೆದುರು ದೊಡ್ಡಮ್ಮನನ್ನು, ಅಂದರೆ ಅಮ್ಮನ ಅಕ್ಕನನ್ನು, ಕೂರಿಸಿದೆ. ತೀರಿಕೊಂಡ ದೊಡ್ಡಪ್ಪನ ಪಿಂಚಣಿ ಅವರಿಗೆ ಬರುತ್ತದೆ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ, ನವೆಂಬರ್ ಮುಗಿಯುವುದರೊಳಗೆ, ಬೆರಳೊತ್ತಿ ತೋರಿಸಬೇಕು. ತಿಂಗಳಿಡೀ ಜ್ವರದಲ್ಲಿ ಮಲಗಿದ್ದರು. ಆ ದಿನವೂ ತಪ್ಪಿದರೆ ಪಿಂಚಣಿ ನಿಲ್ಲುತ್ತಿತ್ತು, ಅವರ ಮದ್ದು ನಡೆಯುವುದು ಅದರಲ್ಲೇ.

ಬೆರಳೊತ್ತುವ ಯಂತ್ರವನ್ನು ಎದುರಿನ ತೂತಿಗೆ ಸಿಕ್ಕಿಸಿದರೆ ಬೆಳಕು ಬರುತ್ತದೆ, ಹೋಗುತ್ತದೆ. ಪ್ರಿಂಟರಿನ ವಯರು ಕಿತ್ತು ಅಲ್ಲಿ ಸಿಕ್ಕಿಸಿದೆ. ಕಂಪ್ಯೂಟರಿಗೆ ಅದರ ಗುರುತೇ ಹತ್ತಲಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿ, ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿ ಕಾದೆ. ನಡುವೆ ಕರೆಂಟು ಹೋದರೆ? ಕಡೆಗೂ ಯಂತ್ರದ ಕೆಂಪು ಬೆಳಕು ಆರದೆ ಉರಿಯಿತು.

“ಒತ್ತಿ, ದೊಡ್ಡಮ್ಮ.”

ಒತ್ತಿದರು. ಹೊಂದುವುದಿಲ್ಲ ಎಂದಿತು ಕಂಪ್ಯೂಟರು. ಇನ್ನೊಂದು ಬೆರಳು, ಅದೂ ಇಲ್ಲ. ಪ್ರಾಯವಿಡೀ ಬೀಡಿ ಕಟ್ಟಿದ ಬೆರಳುಗಳು, ಗೆರೆಯೇ ಸವೆದಿರಬೇಕು ಅಂದುಕೊಂಡೆ. ಗೆರೆ ಸವೆದರೆ ನಾನೇನು ಮಾಡಲಿ?

“ಸರಿಯಾಗಿ ಒತ್ತಿ ಮಾರಾಯ್ರೆ,” ಎಂದು ಗದರಿದೆ.

“ಒತ್ತುತ್ತಾ ಇದ್ದೇನಲ್ಲ. ನಾನು ಸತ್ತಿದ್ದೇನೆ ಅಂತ ಹೇಳ್ತದಾ ಅದು?”

ನನಗೆ ಅಳು ಬರುವ ಹಾಗಾಯಿತು. ಯಂತ್ರವನ್ನು ಎತ್ತಿ ಬೆಳಕಿಗೆ ಹಿಡಿದರೆ ಬೆರಳಿಡುವ ಗಾಜಿನ ಮೇಲೆ ಒಣಗಿದ ಗಂಧ. ಆಯುಧಪೂಜೆಯ ದಿನ ಅಂಗಡಿಯ ಒಂದೊಂದಕ್ಕೂ ಗಂಧ ಹಚ್ಚಿದವರು ಇವರೇ. ಆ ಯಂತ್ರಕ್ಕೆ ಗಿರಾಕಿ ಅಪರೂಪ, ಆಮೇಲೆ ನಾನು ಅದನ್ನು ಹೊರಗೆ ತೆಗೆದಿರಲಿಲ್ಲ.

“ಗಾಜಿಗೇ ಹಚ್ಚಿದ್ದಾ ನೀವು?”

“ಹಣೆಗೆ ಹಚ್ಚುವುದಲ್ವಾ? ಅದರ ಹಣೆ ಎಲ್ಲಿ ಉಂಟು ಅಂತ ನನಗೇನು ಗೊತ್ತು?”

ಸಿಟ್ಟು ನೆತ್ತಿಗೇರಿತು, ಜೊತೆಗೆ ನಗುವೂ ಬಂತು. ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಅವರ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿದೆ. ಪರದೆಯಲ್ಲಿ ಹಸಿರು ಗೆರೆ ಬಂತು.

“ಆಯ್ತಾ?”

“ಆಯ್ತು. ಬದುಕಿದ್ದೀರಿ.”

“ಬರುವ ವರ್ಷವೂ ಒತ್ತಬೇಕಾ?”

“ಒತ್ತಬೇಕು.”

ದೊಡ್ಡಮ್ಮ ಮೆಲ್ಲಗೆ, “ಅಷ್ಟರವರೆಗೆ ಇರ್ತೇನಾ ಮಗಾ?” ಎಂದು ಕೇಳಿದರು.

ನಾನು ಮೇಜಿನಡಿಗೆ ಬಗ್ಗಿ ಪ್ರಿಂಟರಿನ ವಯರು ಸಿಕ್ಕಿಸತೊಡಗಿದೆ. ಸಿಕ್ಕಿಸಿ ಆದ ಮೇಲೂ ಎದ್ದು ಅವರ ಮುಖ ನೋಡುವ ಧೈರ್ಯ ಬರಲಿಲ್ಲ.