ಅನ್ನಪೂರ್ಣವ್ವನ ಓಕೆ

ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಈರಯ್ಯನವರಿಗೆ ಒಂದು ಹುಚ್ಚಿತ್ತು. ಅಮೆರಿಕದವರ ಆಡುಮಾತು, ಅಡ್ಡಹೆಸರು ಎಲ್ಲಿ ಹುಟ್ಟಿದವು, ಯಾರ ಬಾಯಿಂದ ಹೊರಟವು ಎಂದು ಹುಡುಕುವ ಹುಚ್ಚು. ಹಾಗಂತ ಅಮೆರಿಕ ಕಂಡವರಲ್ಲ. ಮಗ ಶಶಿಧರ ಕರೆಸಿಕೊಂಡದ್ದು ಸಿಡ್ನಿಯ ಬ್ಲ್ಯಾಕ್‌ಟೌನಿಗೆ. ಅಲ್ಲಿನ ಪಾರ್ಕಿನಲ್ಲಿ ಯಾರಾದರೂ ಕನ್ನಡದವರು ಕೈಗೆ ಸಿಕ್ಕರೆ ಅವರ ಕತೆ ಮುಗಿಯಿತು. 'ಯಾಂಕೀ' ಎಂಬುದು ಮೊದಲು ಡಚ್ಚರನ್ನು ಹಂಗಿಸುವ ಹೆಸರಾಗಿದ್ದಿರಬೇಕು ಎಂಬಲ್ಲಿ ಶುರುವಾಗಿ, ಇಂಡಿಯಾನಾದವರಿಗೆ 'ಹೂಜಿಯರ್' ಎಂಬ ಹೆಸರು ಯಾಕೆ ಬಂತೆಂದು ಇನ್ನೂ ಯಾರಿಗೂ ಗೊತ್ತಿಲ್ಲ ಎಂಬಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಮೊಮ್ಮಗಳು ಆದ್ಯಾ ಫೋನಿನಲ್ಲಿ 'ಸುಳ್ಳಲ್ಲ' ಎನ್ನಲು 'ನೋ ಕ್ಯಾಪ್' ಅಂದರೆ ಅದರ ಹುಟ್ಟೂ ಬೇಕು. "ಅಜ್ಜಾ, ಇಟ್ಸ್ ಜಸ್ಟ್ ಅ ವರ್ಡ್" ಎಂದು ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ಅವರಿಗೆ ಮೆಚ್ಚಿನದು 'ಓಕೆ'. ಹತ್ತೊಂಬತ್ತನೆಯ ಶತಮಾನದ ಬಾಸ್ಟನ್ನಿನಲ್ಲಿ ಪತ್ರಿಕೆಯವರು ಬೇಕೆಂದೇ ಕಾಗುಣಿತ ಕೆಡಿಸಿ 'ಆಲ್ ಕರೆಕ್ಟ್' ಎಂಬುದನ್ನು ಓ, ಕೆ ಎಂಬ ಎರಡಕ್ಷರಕ್ಕೆ ಇಳಿಸಿ ನಕ್ಕದ್ದು, ಮರುವರ್ಷದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಅಡ್ಡಹೆಸರಿಗೂ ಅದೇ ಎರಡಕ್ಷರ ಹೊಂದಿ ಅದು ಊರೂರು ಸುತ್ತಿದ್ದು, ಇದನ್ನೆಲ್ಲ ಊಟಕ್ಕೆ ಕೂತಾಗ ಹೆಂಡತಿ ಅನ್ನಪೂರ್ಣವ್ವನಿಗೆ ಹೇಳುವರು. ಆಕೆ ರೊಟ್ಟಿ ಬಡಿಸಿ, "ಓಕೆ. ಇನ್ನ ಉಣ್ರಿ, ಆರತಾವು" ಎನ್ನುವಳು. ಆಕೆಗೆ ಬರುತ್ತಿದ್ದ ಇಂಗ್ಲಿಷೆಲ್ಲ ಅಷ್ಟೇ. ಗಂಡನ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು.

ಕಳೆದ ತಿಂಗಳು ಅನ್ನಪೂರ್ಣವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ. ನೋವಿದೆಯಾ ಅಂದರೆ ಓಕೆ, ನೀರು ಬೇಕಾ ಅಂದರೆ ಓಕೆ, ಬೇಡವಾ ಅಂದರೂ ಓಕೆ. ಅದರ ಜಾತಕವನ್ನೇ ಬರೆಯಬಲ್ಲ ಈರಯ್ಯನವರಿಗೆ, ಈಗ ಆಕೆಗೆ ನೀರು ಕೊಡಬೇಕೋ ಬೇಡವೋ ಎಂಬುದೇ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಓದಿ ಏನು ಕಡಿದೆ ಎಂದು ತಮ್ಮನ್ನೇ ಬೈದುಕೊಳ್ಳುತ್ತ ಆಸ್ಪತ್ರೆಯ ಮಂಚದ ಪಕ್ಕ ಕೂತಿರುತ್ತಿದ್ದರು.

ಆ ಮಂಗಳವಾರ ಪರೀಕ್ಷೆಯಿತ್ತು. ಆಕೆಗೆ ತಿಳಿವಳಿಕೆ ಉಳಿದಿದೆ ಎಂದು ಕಂಡರೆ ರಿಹ್ಯಾಬ್ ವಾರ್ಡಿಗೆ ಕಳಿಸಿ ಮಾತು, ನಡಿಗೆ ಕಲಿಸಿ ಮನೆಗೆ ಬಿಡುತ್ತಾರೆ. ಇಲ್ಲವಾದರೆ ಏಜ್ಡ್ ಕೇರ್ ಹೋಮ್, ಅಂದರೆ ವೃದ್ಧಾಶ್ರಮ. ಕನ್ನಡ, ರೊಟ್ಟಿ ಎರಡೂ ಇಲ್ಲದ ಕಡೆ ಆಕೆ ಒಬ್ಬಳೇ. ಈರಯ್ಯನವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಮಾತಿನ ಚಿಕಿತ್ಸೆಯ ಮೇಗನ್ ಬಂದಳು, ಒಳ್ಳೆಯ ಹುಡುಗಿ. ಮನೆಯವರು ಅನುವಾದಿಸುವಂತಿಲ್ಲವೆಂದು ಮೆಲ್ಬರ್ನಿನ ವೆರಿಬೀಯಿಂದ ಗೋಪೀನಾಥ ಎಂಬ ದುಭಾಷಿ ಫೋನಿನ ಸ್ಪೀಕರಿನಲ್ಲಿದ್ದ, ಬೆಂಗಳೂರಿನವನು. ಬಾಚಣಿಕೆ ತೋರಿಸಿ ಎಂದರೆ ಅನ್ನಪೂರ್ಣವ್ವ ಚಮಚೆ ಮುಟ್ಟಿದಳು. ಕಿಟಕಿ ಎಂದರೆ ಓಕೆ ಅಂದಳು. ಕೊನೆಗೆ ಮೇಗನ್ ಈರಯ್ಯನವರತ್ತ ಕೈ ತೋರಿಸಿದಳು.

"ಅಮ್ಮ, ಇವರು ನಿಮ್ಮ ಯಜಮಾನ್ರು. ಇವರ ಹೆಸರೇನಮ್ಮ? ಮೊದಲನೇ ಅಕ್ಷರ ಹೇಳಿದ್ರೂ ಸಾಕಂತೆ" ಎಂದ ಗೋಪೀನಾಥ.

ಅನ್ನಪೂರ್ಣವ್ವ ತುಟಿ ಬಿಗಿದಳು. ಓಕೆ ಕೂಡ ಇಲ್ಲ.

"ಗೋಪೀನಾಥ್, ಅವರಿಗೆ ಹೇಳ್ರಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರ ಹೇಳಂಗಿಲ್ಲ" ಎಂದು ಈರಯ್ಯನವರು ಎದ್ದು ನಿಂತರು. ಇಂಗ್ಲಿಷ್ ಮೇಷ್ಟರಿಗೆ ಇಂಗ್ಲಿಷೇ ಮರೆತುಹೋಗಿತ್ತು. "ಮದುವ್ಯಾಗ ಹೊಸ್ತಿಲ ತಡದಾಗ ಒಡಪ ಹೇಳ್ತಾರ, ಅದರಾಗ ಅಷ್ಟ. ಒಂದ್ ಸಲ ನಾ ಶುರು ಮಾಡ್ಲಿ?"

ದುಭಾಷಿಗೆ ಒಡಪು ಎಂದರೇನೆಂದು ಗೊತ್ತಿರಲಿಲ್ಲ. ಹೆಸರು ಸೇರಿಸಿ ಹೇಳುವ ಪದ್ಯ ಎಂದು ಹೇಗೋ ದಾಟಿಸಿದ. ಮೇಗನ್ ಆಗಲಿ ಎಂದಳು. ಈರಯ್ಯನವರು ತಮ್ಮ ಮನೆಯ ಹೊಸ್ತಿಲಲ್ಲಿ ಆಕೆ ಅಂದದ್ದನ್ನು ಎತ್ತಿಕೊಟ್ಟರು.

"ಅಂಗಳದಾಗ ಮಲ್ಲಿಗಿ, ಹಿತ್ತಲದಾಗ ಹೀರಿ..."

ಅನ್ನಪೂರ್ಣವ್ವನ ಕಣ್ಣು ಅವರ ಮುಖದ ಮೇಲೆ ನಿಂತಿತು. ತುಟಿ ಅಲುಗಿತು. ಮುಂದಿನ ಸಾಲು ಶುರುವಾಗುವುದೇ ಗಂಡನ ಹೆಸರಿನಿಂದ. ಆಕೆ ಎಡಗೈಯಿಂದ ಆಸ್ಪತ್ರೆಯ ಬಿಳಿ ಚಾದರ ಹಿಡಿದು, ನಿಧಾನವಾಗಿ ತಲೆಯ ಮೇಲೆ ಎಳೆದುಕೊಂಡು, ಕಣ್ಣು ಕೆಳಗೆ ಮಾಡಿದಳು. ಹೊಸ್ತಿಲಲ್ಲಿ ನಿಂತಾಗಲೂ ಸೆರಗು ಹೀಗೇ ಎಳೆದುಕೊಂಡಿದ್ದಳು. ಈರಯ್ಯನವರಿಗೆ ಅಳು ತಡೆಯಲಾಗಲಿಲ್ಲ.

"ಅಮ್ಮ ಏನಾದ್ರೂ ಹೇಳಿದ್ರಾ ಸಾರ್? ನಂಗೇನೂ ಕೇಳಿಸ್ಲಿಲ್ಲ" ಎಂದ ಗೋಪೀನಾಥ.

ಆಕೆಗೆ ಸುಸ್ತಾಗಿದೆ, ಇಲ್ಲಿಗೆ ಸಾಕು ಎಂದು ಮೇಗನ್ ಚಾದರವನ್ನು ಮೆಲ್ಲಗೆ ತಲೆಯಿಂದ ಸರಿಸಿ ಎದೆಯವರೆಗೆ ಹೊದಿಸಿದಳು.

"ಸುಸ್ತಲ್ಲವ್ವಾ, ಅದು ಸೆರಗು. ಆಕಿಗೆ ನಾ ಯಾರಂತ ಗೊತ್ತೈತಿ" ಎಂದರು ಈರಯ್ಯನವರು. ಗೋಪೀನಾಥ ಅದನ್ನು ಹೇಳಿದ. ಮೇಗನ್ ಪೂರ್ತಿ ಕೇಳಿಸಿಕೊಂಡಳು. ಚಂದದ ಮಾತು, ತಾನು ನಂಬುತ್ತೇನೆ ಕೂಡ, ಆದರೆ ಚಳಿಯಾದರೂ ಜನ ಹೊದಿಕೆ ಎಳೆದುಕೊಳ್ಳುತ್ತಾರೆ, ಅದನ್ನು ಉತ್ತರವೆಂದು ಬರೆಯಲಾರೆ ಎಂದಳು. ಅವಳನ್ನು ಬೈಯುವುದಕ್ಕೂ ದಾರಿಯಿರಲಿಲ್ಲ.

ಸಂಜೆ ಶಶಿಧರ ವೈದ್ಯರನ್ನು ಕಂಡು ಬಂದು ಮಂಚದ ಆಚೆ ಬದಿ ನಿಂತ.

"ಅಪ್ಪಾಜಿ, ರಿಹ್ಯಾಬ್ ಆಗಂಗಿಲ್ಲಂತ. ಒಂದ್ ಹೋಮ್ ನೋಡ್ಯಾರ. ಚಲೋ ಐತಂತ. ದಿನಾ ಹೋಗಿ ಬರೂಣು."

"ಇನ್ನೊಮ್ಮೆ ಕೇಳ್ರಿ ಅನ್ನಬೇಕಿತ್ತು."

"ಅಂದೆ, ಅಪ್ಪಾಜಿ."

ಈರಯ್ಯನವರು ಹೆಂಡತಿಯ ಕಿವಿಯ ಬಳಿ ಬಾಗಿದರು. "ಹೆಸರ ಹೇಳಿದ್ರ ಏನ್ ಹೋಗ್ತಿತ್ತು ನಿಂದು? ಈರಯ್ಯ ಅನ್ನೂದೊಂದ ಅಲ್ಲ?" ಎಂದರು. ಸಿಟ್ಟೂ ಇತ್ತು ಅದರಲ್ಲಿ, ಬೇಡಿಕೆಯೂ ಇತ್ತು.

"ಓಕೆ" ಎಂದಳು ಅನ್ನಪೂರ್ಣವ್ವ. ಎಡಗೈ ಎದೆಯ ಮೇಲೆ ತಡಕಾಡಿ ಚಾದರ ಹುಡುಕಿ, ಮತ್ತೆ ತಲೆಯ ಮೇಲೆ ಎಳೆದುಕೊಂಡಿತು. ಈರಯ್ಯನವರು ಕುರ್ಚಿ ಹತ್ತಿರ ಎಳೆದು, ಇನ್ನು ಯಾರೂ ಅದನ್ನು ಕೆಳಗೆ ಸರಿಸದಿರಲೆಂದು ಚಾದರದ ಅಂಚು ಹಿಡಿದುಕೊಂಡು ಕೂತರು.