ಬೆಂಚಿನ ಮರ, ಕುಣಿಯುವ ನೆಲ

ಬಿನ್ನಿಪೇಟೆಯ ನಮ್ಮ ಕಲಾ ಅಂಗಳಕ್ಕೆ ಬಂದರೆ ಮೊದಲು ಮುನಿರಾಮಪ್ಪನವರನ್ನು ನೋಡಿ, ಆಮೇಲೆ ನಾಟಕ ನೋಡಿ. ನಾನಂತೂ ಅವರ ಅಭಿಮಾನಿ, ಮುಚ್ಚಿಡುವುದೇನಿಲ್ಲ. ಅರವತ್ತೇಳರ ಬಡಗಿ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದು ಅಲ್ಲಿರುವುದನ್ನು ಮರೆತು ಇನ್ನೊಂದಕ್ಕೆ ಹುಡುಕಾಟ.

ಈ ಅಂಗಳ ಮೊದಲು ಚರ್ಚ್ ಆಗಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಕಿಟಕಿ ರಿಪೇರಿಗೆಂದು ಒಳಗೆ ಬಂದವರು ಅಲ್ಲೇ ಉಳಿದರು. ಮನೆಯಲ್ಲಿ ಬುದ್ಧವಂದನೆ, ಕೆಲಸ ಯೇಸುವಿನ ಮನೆಯಲ್ಲಿ. ಎರಡಕ್ಕೂ ಜಗಳವಾದದ್ದು ಅವರಿಗೆ ನೆನಪಿಲ್ಲ. ಪಕ್ಕದ ಬಟ್ಟೆ ಮಿಲ್ಲು ಮುಚ್ಚಿದ ಮೇಲೆ ಚರ್ಚ್ ಸಭೆಯ ಕುಟುಂಬಗಳು ಒಂದೊಂದಾಗಿ ದೂರದ ಬಡಾವಣೆಗಳಿಗೆ ಹೋದವು. ಕೊನೆಗೆ ಬಾಗಿಲಿಗೆ ಬೀಗ. ಎಂಟು ವರ್ಷ ಅದರ ಕೀ ಇವರ ಸೊಂಟದಲ್ಲೇ ಇತ್ತು.

ಹೋದ ವರ್ಷ ಸಭೆಯವರು ಜಾಗವನ್ನು ಕಲಾವಿದರ ಸಂಘಕ್ಕೆ ಕೊಟ್ಟರು. ಸಂಘದ ಶ್ರೀಧರ್‌ಗೆ ನೃತ್ಯಕ್ಕೆ ಮರದ ನೆಲ ಬೇಕಿತ್ತು. ಚರ್ಚಿನ ಹಳೆಯ ಬೆಂಚುಗಳಲ್ಲಿ ಹಿಂದಿನ ನಾಲ್ಕನ್ನು ಉಳಿಸಿ ಮಿಕ್ಕವುಗಳ ತೇಗವನ್ನೇ ಹಾಸುತ್ತೇನೆ ಎಂದರು ಮುನಿರಾಮಪ್ಪ. ಶ್ರೀಧರ್ ಒಪ್ಪಿದರು, ನೆಲ ಚೆನ್ನಾಗಿ ಬಂದರೆ ಇಲ್ಲಿಯ ಬಡಗಿ ನೀವೇ, ಇಲ್ಲದಿದ್ದರೆ ಹೊರಗಿನ ಏಜೆನ್ಸಿ ಎಂದೂ ಹೇಳಿದರು. ನಲವತ್ತೈದು ವರ್ಷದ ಜಾಗ ಬಿಡಲು ಮುನಿರಾಮಪ್ಪನವರಿಗೆ ಮನಸ್ಸಿರಲಿಲ್ಲ. ನಾಲ್ಕು ತಿಂಗಳು ಒಂದು ದಿನವೂ ರಜೆ ಹಾಕಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ನೃತ್ಯದ ಟೀಚರ್ ತೇಜಶ್ರೀ ಅಭ್ಯಾಸಕ್ಕೆ ಬಂದರು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡನೇ ಹೆಜ್ಜೆಗೇ ಜಾರಿ ಕೂತುಬಿಟ್ಟರು. ಪೆಟ್ಟಾಗಲಿಲ್ಲ.

ಶ್ರೀಧರ್ ನೆಲ ಮುಟ್ಟಿ ಬೆರಳು ಮೂಸಿದರು. "ಏನ್ ಹಚ್ಚಿದ್ರಿ ಇದಕ್ಕೆ?"

"ಜೇನುಮೇಣ ಸರ್. ಹಬ್ಬದ್ ಹಿಂದಿನ್ ದಿನ ಬೆಂಚಿಗೆ ಹಚ್ತಿದ್ದಂಗೇ. ಬೆಂಚು ಜಾರ್ಬೇಕು, ಇಲ್ದಿದ್ರೆ ತಡ್ವಾಗಿ ಬಂದೋರಿಗೆ ಜನ ಸರ್ಕೊಂಡು ಜಾಗ ಬಿಡಲ್ಲ."

"ನಾನೂ ಸರ್ಕೊಂಡೆ ಬಿಡಿ, ಗೋಡೆ ತಂಕ," ಎಂದರು ತೇಜಶ್ರೀ, ಕೂತಲ್ಲಿಂದಲೇ.

ಶ್ರೀಧರ್ ನಗಲಿಲ್ಲ. ಮುನಿರಾಮಪ್ಪನವರ ಸೊಂಟದ ಕೀ ಇಸಿದುಕೊಂಡರು. ಮುನಿರಾಮಪ್ಪ ಸಂಜೆಯವರೆಗೆ ಟೈಮ್ ಕೇಳಿ ಮನೆಗೆ ಹೋದರು. ವಾಪಸ್ ಬಂದಾಗ ಜೊತೆಗೆ ಹೆಂಡತಿ ಪಾರ್ವತಮ್ಮ, ಆಕೆಯ ಕೈಯಲ್ಲಿ ಸೀಗೆಪುಡಿಯ ಡಬ್ಬಿ. ತಲೆಯ ಜಿಡ್ಡು ಬಿಡಿಸುವುದು ಮರದ ಜಿಡ್ಡನ್ನು ಯಾಕೆ ಬಿಡಿಸಬಾರದು ಎಂಬುದು ಆಕೆಯ ವಾದ. ಆತ ಮೇಣ ಕೆರೆದರು, ಆಕೆ ಬಿಸಿನೀರು ಹಾಕಿ ಉಜ್ಜಿದರು. ಸ್ವಲ್ಪ ಹೊತ್ತಿಗೆ ತೇಜಶ್ರೀ ದುಪಟ್ಟಾ ಬಿಗಿದು ಮಂಡಿಯೂರಿದರು. ಆಮೇಲೆ ನಾವೆಲ್ಲ.

ಐದು ಗಂಟೆಗೆ ಹೊಳಪು ಹೋಗಿತ್ತು; ಹಾಲ್ ತುಂಬ ಎಣ್ಣೆಸ್ನಾನದ ವಾಸನೆ. ಫ್ಯಾನಿಟ್ಟು ಒಣಗಿಸಿದ ಮೇಲೆ ತೇಜಶ್ರೀ ಗಿರ್ರನೆ ತಿರುಗಿ, ನೆಟ್ಟ ಕಂಬದ ಹಾಗೆ ನಿಂತರು. ಶ್ರೀಧರ್ ಜೇಬಿನಿಂದ ಕೀ ತೆಗೆದರು.

"ಬೆಳಗ್ಗೆ ಆರಕ್ಕೆ ನೀವೇ ಬಾಗ್ಲು ತೆಗೀರಿ. ಮೇಣ ಬೆಂಚಿಗೆ ಮಾತ್ರ."

ಮರುದಿನ ಪಾರ್ವತಮ್ಮ ಬರುವಾಗ ಪ್ರದರ್ಶನ ಶುರುವಾಗಿತ್ತು. ಕೊನೆಯ ಬೆಂಚಿನವರು ಎಲ್ಲರೂ ಒಟ್ಟಿಗೆ, ಸದ್ದಿಲ್ಲದೆ, ಪಕ್ಕಕ್ಕೆ ಸರಿದರು.