ಮುಯ್ಯಿಗೆ ಕೇಳಿದ ಸೀಟು

ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕವೊಂದಿತ್ತು. ಮಕ್ಕಳು ಒಡೆದುಹಾಕಿಯಾರೆಂದು ವಿಜ್ಞಾನದ ಮೇಷ್ಟ್ರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೆಳ್ಳಪ್ಪನ ಮಗಳು ದುಗ್ಗಮ್ಮ ಆ ಶಾಲೆಯಲ್ಲಿ ಓದಿದಷ್ಟು ಕಾಲವೂ ಅದನ್ನು ಗಾಜಿನ ಹೊರಗಿನಿಂದಲೇ ನೋಡಿದಳು. ಅದಕ್ಕೆ ಕಣ್ಣಿಟ್ಟರೆ ಏನು ಕಾಣುತ್ತದೆಂದು ಒಮ್ಮೆ ಕೇಳಿದ್ದಕ್ಕೆ ಮೇಷ್ಟ್ರು, "ಪುಸ್ತಕದಲ್ಲಿ ಚಿತ್ರ ಇದೆ, ನೋಡ್ಕೋ" ಎಂದಿದ್ದರು. ಚಿತ್ರ ನೋಡಿ ಅವಳ ಆಸೆ ಹೆಚ್ಚಿತೇ ಹೊರತು ತೀರಲಿಲ್ಲ.

ಆಸೆಯಿದ್ದ ಮಾತ್ರಕ್ಕೆ ಅಂಕ ಬರುವುದಿಲ್ಲ. 1978ರಲ್ಲಿ ದುಗ್ಗಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ಪಾಸಾದಳು. ನೂರಕ್ಕೆ ನಲವತ್ತನ್ನು ದಾಟಲಿಲ್ಲ. ದಡ್ಡಿಯಲ್ಲ, ಭಾರಿ ಚುರುಕಿನವಳೂ ಅಲ್ಲ. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದ ಹೆಣ್ಣಾಳು ಅವಳೊಬ್ಬಳೇ. ಗೇಣಿ ಗದ್ದೆ ಬೆಳ್ಳಪ್ಪನ ಹೆಸರಿಗೆ ಆಗಿ ಹೆಚ್ಚು ಕಾಲವಾಗಿರಲಿಲ್ಲ. ಕೂಲಿ ಕೊಟ್ಟು ನಟ್ಟಿ ಮಾಡಿಸುವ ಶಕ್ತಿ ಅವನಿಗಿರಲಿಲ್ಲ. ಊರಿನವರು ಮುಯ್ಯಾಳಿನಲ್ಲಿ ಸಸಿ ನೆಡುತ್ತಿದ್ದರು. ಇವತ್ತು ನಿಮ್ಮ ಮನೆಯ ಹೆಂಗಸು ನಮ್ಮ ಗದ್ದೆಗೆ ಬಂದರೆ, ನಾಳೆ ನಮ್ಮ ಮನೆಯವಳು ನಿಮ್ಮ ಗದ್ದೆಗೆ. ಬೆಳ್ಳಪ್ಪನ ಗದ್ದೆಗೆ ಇಳಿದ ಒಬ್ಬೊಬ್ಬ ಹೆಂಗಸಿನ ಮುಯ್ಯಿಯನ್ನೂ ದುಗ್ಗಮ್ಮನೇ ತೀರಿಸಬೇಕು. ಮಳೆಗಾಲದ ಪಾಠಗಳು ಅವಳ ಪಾಲಿಗೆ ಇರಲೇ ಇಲ್ಲ.

ತೀರ್ಥಹಳ್ಳಿಯಲ್ಲಿ ಆಗ ಒಂದು ಕಾಲೇಜಿತ್ತು. ಫಸ್ಟ್ ಕ್ಲಾಸಿಗಿಂತ ಕೆಳಗಿನವರಿಗೆ ಸೈನ್ಸ್ ಕೊಡುವುದಿಲ್ಲವೆಂದು ಅದಕ್ಕೆ ಹೆಸರು. ಆಗುಂಬೆ ದಾರಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗುವಾಗ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸುತ್ತಿದ್ದ ದುಗ್ಗಮ್ಮ, ರಸ್ತೆಯಲ್ಲಿ ನಿಂತು ಅದರ ಪ್ರಯೋಗಶಾಲೆಯ ಕಿಟಕಿಯೊಳಗೆ ನೋಡಿದ್ದಳು. ಸೂಕ್ಷ್ಮದರ್ಶಕಗಳು ಮೇಜಿನ ಮೇಲೆ ಸಾಲಾಗಿದ್ದವು. ಅವಳ ವಯಸ್ಸಿನ ಹುಡುಗಿಯೊಬ್ಬಳು ಒಂದಕ್ಕೆ ಕಣ್ಣಿಟ್ಟು, ಬೇಸರದಿಂದ ಆಕಳಿಸುತ್ತಿದ್ದಳು. ಆ ಆಕಳಿಕೆಯನ್ನು ದುಗ್ಗಮ್ಮ ಕ್ಷಮಿಸಲಿಲ್ಲ.

ಅಲ್ಲಿಗೇ ಅರ್ಜಿ ಹಾಕಿದಳು. ಕಾಲೇಜಿನವರು ನಡೆಸಿದ ಪರೀಕ್ಷೆಯಲ್ಲೂ ಕೆಳಗಿನ ಸಾಲಿನಲ್ಲೇ ಉಳಿದಳು. ಆದರೂ ಪರೀಕ್ಷೆ ಬರೆದವರನ್ನೆಲ್ಲ ಸಂದರ್ಶನಕ್ಕೆ ಕರೆಯುವ ಪದ್ಧತಿ ಇದ್ದುದರಿಂದ ಅಪ್ಪನೊಡನೆ ಹೋದಳು.

ಪ್ರಿನ್ಸಿಪಾಲ್ ವಾಗ್ದೇವಿಯವರು ಅಂಕಪಟ್ಟಿ ನೋಡಿದರು. "ಇದಕ್ಕೆ ಸೈನ್ಸ್ ಕೊಡೋದು ಹೇಗಮ್ಮ? ಆರ್ಟ್ಸ್ ತಗೋ, ಸುಖವಾಗಿ ಪಾಸಾಗ್ತೀಯ."

"ಆರ್ಟ್ಸಲ್ಲಿ ಅದು ಇರದಿಲ್ವಲ್ಲ."

"ಯಾವುದು?"

ದುಗ್ಗಮ್ಮನಿಗೆ ಕೊಳವೆಯೊಂದಕ್ಕೆ ಕಣ್ಣಿಡಲು ಬಂದೆನೆನ್ನಲು ನಾಚಿಕೆಯಾಯಿತು.

ಬಾಗಿಲ ಬಳಿಯಿದ್ದ ಬೆಳ್ಳಪ್ಪ ಮುಂದೆ ಬಂದ. "ಅಮ್ಮಾ, ಸೀಟು ಮುಯ್ಯಿಗೆ ಕೊಡಿ. ನಿಮ್ ಗದ್ದೆ ಎಲ್ಲೈತೆ ಹೇಳಿ, ನಟ್ಟಿಗೆ ನಾವು ಬತ್ತೀವಿ."

ವಾಗ್ದೇವಿಯವರ ಮುಖ ಕೆಂಪಾಯಿತು. "ಏನಪ್ಪಾ, ನನಗೇ ಲಂಚ ಕೊಡೋಕೆ ಬಂದ್ಯಾ?"

ಪಕ್ಕದಲ್ಲಿದ್ದ ಜೀವಶಾಸ್ತ್ರದ ಮುಕುಂದಯ್ಯನವರು ನಕ್ಕರು. "ನಿಮಗೆ ಗದ್ದೆಯೇ ಇಲ್ಲವಲ್ಲ ಮೇಡಂ, ಲಂಚ ಇಳಿಯೋದು ಎಲ್ಲಿಗೆ?"

ಬೆಳ್ಳಪ್ಪನಿಗೆ ತಾನೇನು ತಪ್ಪಾಡಿದೆನೆಂದೇ ತಿಳಿಯಲಿಲ್ಲ. ಅವನ ಊರಿನಲ್ಲಿ ಮರ್ಯಾದೆಯಿದ್ದವರು ಏನನ್ನೂ ಪುಕ್ಕಟೆ ಕೇಳುತ್ತಿರಲಿಲ್ಲ.

ಅಪ್ಪ ತಲೆ ತಗ್ಗಿಸಿದ್ದು ಕಂಡು ದುಗ್ಗಮ್ಮನಿಗೆ ಮಾತು ಬಂತು. "ಲಂಚ ಅಲ್ಲ ಮೇಡಂ. ಅದು ಆಳಿಗೆ ಆಳು. ನನ್ ಅಂಕ ಹೋಗಿದ್ದೂ ಅದ್ರಾಗೇ. ನಟ್ಟಿ ಮುಗಿಯತಂಕ ನಾ ಸ್ಕೂಲಿಗೆ ಹೋಗಿದ್ದೇ ಇಲ್ಲ."

ವಾಗ್ದೇವಿಯವರು ಅವಳನ್ನು ನೋಡಿದರು. "ಹಾಗಾದ್ರೆ ಇಲ್ಲಿ ಸೇರಿದ್ರೆ ಈ ವರ್ಷದ ಮುಯ್ಯಿ ತೀರಿಸೋರು ಯಾರು?"

ಇಬ್ಬರೂ ಸೀಟು ಸಿಗುವವರೆಗಿನದನ್ನು ಮಾತ್ರ ಯೋಚಿಸಿಕೊಂಡು ಬಂದಿದ್ದರು. ಮುಯ್ಯಿ ತೀರಿಸದ ಮನೆಯ ಗದ್ದೆಗೆ ಯಾರೂ ಇಳಿಯುವುದಿಲ್ಲ. ದುಗ್ಗಮ್ಮ ಅಪ್ಪನ ಮುಖ ನೋಡಲಿಲ್ಲ. ನೋಡಿದರೆ ಸೀಟು ಬೇಡವೆಂದುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

"ನಾನೇ ಹೋಗ್ತೀನಿ" ಎಂದ ಬೆಳ್ಳಪ್ಪ.

ಮುಕುಂದಯ್ಯನವರ ನಗು ನಿಂತಿತು. "ಹೆಂಗಸರ ಸಾಲಲ್ಲಿ ಬಗ್ಗಿ ಸಸಿ ನೆಡ್ತೀಯಾ ಮಾರಾಯ? ಊರು ನಗಲ್ವಾ?"

"ನಗ್ಲಿ ಬಿಡಿ. ನಕ್ರೆ ಸಸಿ ಬಾಡದಿಲ್ಲ."

ವಾಗ್ದೇವಿಯವರು ಪೆನ್ನು ಎತ್ತಿಕೊಂಡರು. "ದಸರಾ ಪರೀಕ್ಷೆವರೆಗೆ ನೋಡ್ತೀನಿ. ಈ ಮಳೆಗಾಲ ಒಂದು ತರಗತಿ ತಪ್ಪಿಸಿದ್ರೂ ಆರ್ಟ್ಸಿಗೆ ಹಾಕ್ತೀನಿ. ಆಮೇಲೆ ಅಳಬೇಡ."

ದುಗ್ಗಮ್ಮ ಹಾಸ್ಟೆಲ್ ಸೇರಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೊದಲ ದಿನ ಅವಳಿಗೆ ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಈರುಳ್ಳಿ ಸಿಪ್ಪೆ ಸರಿಯಾಗಿ ಕಾಣುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಹೊರಗೆ ಮಳೆ ಹೊಯ್ಯುವಾಗ, ಇವತ್ತು ಯಾರ ಗದ್ದೆಯ ಸರದಿ ಎಂಬುದು ಬೇಡವೆಂದರೂ ನೆನಪಾಗುತ್ತಿತ್ತು.

ಒಂದು ಭಾನುವಾರ ಊರಿಗೆ ಹೋದಳು. ನೆರೆಮನೆಯ ಗುತ್ಯಮ್ಮನ ಗದ್ದೆಯಲ್ಲಿ ಹೆಂಗಸರ ಸಾಲಿನ ಕೊನೆಗೆ ಅಪ್ಪನಿದ್ದ. ಅವನು ನೆಟ್ಟ ಸಾಲು ಡೊಂಕಾಗಿತ್ತು.

"ಬೆಳ್ಳಣ್ಣ, ಸೀರೆ ಉಡು, ಬಗ್ಗಕ್ಕೆ ಸಲೀಸು" ಎಂದಳು ಗುತ್ಯಮ್ಮ.

"ನಿಂದೇ ಕೊಡು. ಹರ್ದಿದ್ದಾದ್ರೂ ಆತು."

ಸಾಲಿಗೆ ಸಾಲೇ ನಕ್ಕಿತು. ಅಪ್ಪನ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ದುಗ್ಗಮ್ಮ ಲಂಗ ಎತ್ತಿ ಕಟ್ಟಿ ಗದ್ದೆಯ ಅಂಚಿನಿಂದ ಕಾಲು ಇಳಿಬಿಟ್ಟಳು.

"ಇಳೀಬೇಡ ಮಗಾ" ಎಂದಳು ಗುತ್ಯಮ್ಮ. ಈಗ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ. "ನಿಮ್ಮನೆ ಆಳು ನಿಮ್ಮಪ್ಪ. ನೀನೂ ಇಳಿದ್ರೆ ನಾ ಇನ್ನೊಂದಾಳು ಎಲ್ಲಿಂದ ತಂದು ತೀರಿಸ್ಲಿ?"

ಅದು ನ್ಯಾಯವಾದ ಮಾತು. ಸಸಿ ನೆಡುವವರು ಹಿಂದೆ ಹಿಂದೆ ಸರಿಯುತ್ತಾರೆ. ಹಾಗೆ ಸಾಲು ಅವಳಿಂದ ದೂರವಾಗುತ್ತ ಹೋಯಿತು.

ಮುಂದೆ ದುಗ್ಗಮ್ಮ ಡಿಗ್ರಿ, ಬಿ.ಎಡ್. ಮುಗಿಸಿ ಸಾಗರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದಳು. ಪ್ರತಿ ಮಳೆಗಾಲ ಒಂದು ಭಾನುವಾರವಾದರೂ ಊರಿಗೆ ಹೋಗುತ್ತಿದ್ದಳು. ನಟ್ಟಿಯ ಹೆಂಗಸರು ಪ್ರೀತಿಯಿಂದಲೇ ಮಾತಾಡಿಸಿ, ಅಂಚಿನ ಮೇಲೆ ಕಂಬಳಿ ಮಡಿಸಿ ಹಾಸಿ, "ಕೂತ್ಕಳಿ ಟೀಚರ್" ಎನ್ನುತ್ತಿದ್ದರು. ಅವಳು ಕೂರುತ್ತಿದ್ದಳು.